ಬೆಳ್ಳಿ ಬಣ್ಣದ ಬೇಸ್ ಗಿಟಾರ್

ಮೋಹನ್‌ಬಾಬು ಕಾರಿನಿಂದ ಇಳಿಯುವಾಗಲೇ ಲಕ್ಷ್ಮಿದೇವಮ್ಮನಿಗೆ ಗೊತ್ತಾಯಿತು, ಈ ಮನುಷ್ಯನಿಗೆ ತನ್ನಿಂದ ಏನೋ ಆಗಬೇಕಾಗಿದೆ ಎಂದು. ಏನೂ ಆಗಬೇಕಿಲ್ಲದಾಗ ಅವನು ಯಾರ ಮನೆ ಬಾಗಿಲಿಗೂ ಹೋದವನಲ್ಲ. ಚಿಂತಾಮಣಿಯ ಆ ಕಿರಿದಾದ ಬೀದಿಯಲ್ಲಿ ಅವನ ಬಿಳಿ ಕಾರು ಅಡ್ಡ ನಿಂತಿತ್ತು. ಹಿಂದೆ ಬಂದ ಹಾಲಿನ ಟೆಂಪೋ ಹಾರ್ನ್ ಹೊಡೆಯುತ್ತಿತ್ತು. ಅವನು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಎಪ್ಪತ್ತರ ಹತ್ತಿರದ ವಯಸ್ಸಿಗೆ ತಲೆಗೆ ಇದ್ದಿಲಿನಷ್ಟು ಕಪ್ಪು ಬಳಿದುಕೊಂಡು, ಬಿಸಿಲಲ್ಲೂ ಕುತ್ತಿಗೆಗೆ ಹೂವಿನ ಸ್ಕಾರ್ಫ್ ಸುತ್ತಿಕೊಂಡು, ಸ್ಟೇಜಿನ ಮೆಟ್ಟಿಲು ಹತ್ತುವವನಂತೆ ಆಕೆಯ ಜಗುಲಿ ಹತ್ತಿದ.

"ಏನು ಲಕ್ಷ್ಮೀ, ಗುರುತು ಸಿಗಲಿಲ್ವಾ?"

"ಸಿಕ್ತು. ಬನ್ನಿ, ಕೂತ್ಕೊಳ್ಳಿ. ಕಾಫಿ ಮಾಡ್ತೀನಿ."

"ಬೇಡಮ್ಮ, ಈಗ್ತಾನೆ ಆಯ್ತು."

ಆಗಿಯೇ ಇರುತ್ತದೆ. ಮೋಹನ್‌ಬಾಬುವಿನ ಮನೆತನದವರು ಈ ಬೀದಿಗೆ ಬಂದಾಗಲೆಲ್ಲ ಅವರದು ಕಾಫಿ ಈಗ ತಾನೇ ಆಗಿರುತ್ತದೆ. ಆಕೆ ಅವನ ಆರ್ಕೆಸ್ಟ್ರಾದಲ್ಲಿ ಹತ್ತಾರು ವರ್ಷ ಬೇಸ್ ಗಿಟಾರ್ ನುಡಿಸಿದ್ದಳು. ಅಷ್ಟೂ ವರ್ಷ ಅವನು ಆಕೆಯ ಕೈಯಿಂದ ಒಂದು ಲೋಟ ನೀರು ಕುಡಿದಿರಲಿಲ್ಲ. ಮೈಕ್ ಸಿಕ್ಕಾಗ ಮಾತ್ರ ಸಂಗೀತಕ್ಕೆ ಜಾತಿ ಇಲ್ಲ ಎಂದು ಗಂಟಲು ತುಂಬಿ ಹೇಳುತ್ತಿದ್ದ.

ಸ್ಕಂದಗಿರಿಯ ಬುಡದಲ್ಲಿ ತನ್ನ ದ್ರಾಕ್ಷಿ ತೋಟ ಕಿತ್ತು ಅವನೊಂದು ರೆಸಾರ್ಟ್ ಕಟ್ಟಿಸಿದ್ದ. "ಟ್ರೆಕ್ಕಿಂಗ್ ಬರೋ ಹುಡುಗ್ರು ಬೆಟ್ಟ ಇಳಿದು ಅಲ್ಲೇ ತಿಂಡಿ ತಿಂತಾರೆ. ಮ್ಯೂಸಿಕ್ ಥೀಮ್ ಮಾಡಿದೀನಿ ಕಣಮ್ಮ. ನಮ್ ಆರ್ಕೆಸ್ಟ್ರಾದ ಫೋಟೋಗಳು, ನನ್ನ ಮೈಕು, ನನ್ನ ಕೋಟು, ಎಲ್ಲಾ ಗೋಡೆಗೆ ಹಾಕ್ತಾ ಇದೀನಿ. ಆ ಗಿಟಾರ್ ಇನ್ನೂ ಇದೆ ತಾನೆ, ನಮ್ದು?"

"ನಂದು," ಎಂದಳು ಲಕ್ಷ್ಮಿದೇವಮ್ಮ.

"ಅದೇ ಕಣಮ್ಮ, ನಿಂದೇ. ಎಷ್ಟು ಕೊಡಬೇಕು ಹೇಳು, ಕೊಡ್ತೀನಿ. ಸುಮ್ನೆ ಇಲ್ಲಿ ಮಂಚದ ಕೆಳಗೆ ಬಿದ್ದಿರುತ್ತೆ, ಅಲ್ಲಿ ನಾಲ್ಕು ಜನ ನೋಡ್ತಾರೆ."

ಯೋಚಿಸಿ ಹೇಳುತ್ತೇನೆಂದು ಆಕೆ ಅವನನ್ನು ಕಳಿಸಿದಳು. ಅವನು ಕಾರು ಹತ್ತಿದ ಮೇಲೆ ಒಳಗೆ ಹೋಗಿ, ಅವನು ಕೂತಿದ್ದ ಕುರ್ಚಿಯನ್ನು ಕಾಲಿನಿಂದಲೇ ಗೋಡೆಗೆ ತಳ್ಳಿದಳು.

ಗಿಟಾರ್ ಮಂಚದ ಕೆಳಗೇ ಇತ್ತು. ಅವನು ಸರಿಯಾಗಿ ಹೇಳಿದ್ದನೆನ್ನುವುದೇ ಆಕೆಗೆ ಹೆಚ್ಚು ಉರಿ.

ಅದು ಅರವತ್ತರ ದಶಕದ್ದು, ಅಮೆರಿಕದ ಫೆಂಡರ್ ಕಂಪನಿಯದು. ಹುಡುಗಿಯಾಗಿದ್ದಾಗ ಆಕೆ ಕೋಲಾರದ ಚಿನ್ನದ ಗಣಿ ಊರಿನಲ್ಲಿ ದೊಡ್ಡಮ್ಮನ ಮನೆಯಲ್ಲಿದ್ದು ಓದಿದವಳು. ಹಿಂದಿನ ಸಾಲಿನ ಮನೆಯಲ್ಲಿ, ಗಣಿಯ ಕ್ಲಬ್ಬಿನಲ್ಲಿ ಬ್ಯಾಂಡ್ ನುಡಿಸುತ್ತಿದ್ದ ಒಬ್ಬ ಆಂಗ್ಲೋ ಇಂಡಿಯನ್ ಮುದುಕನಿದ್ದ. ಬೇಲಿಯಾಚೆ ನಿಂತು ಕೇಳುತ್ತಿದ್ದ ಈ ಹುಡುಗಿಯನ್ನು ಒಳಗೆ ಕರೆದು, ದಪ್ಪ ತಂತಿಯನ್ನು ಎಲ್ಲಿ ಒತ್ತಬೇಕು, ಎಲ್ಲಿ ಸುಮ್ಮನಿರಬೇಕು ಎಂದು ಕಲಿಸಿದ್ದೇ ಅವನು. ಅವನ ಮಕ್ಕಳು ಅವನನ್ನು ಆಸ್ಟ್ರೇಲಿಯಾಕ್ಕೆ ಕರೆದುಕೊಂಡು ಹೋಗುವಾಗ ಆಕೆ ಕಿವಿಯ ಓಲೆ ಮಾರಿ ಅವನ ಈ ಗಿಟಾರನ್ನು ಕೊಂಡಳು. ಆಗ ಅದರ ಮೈ ಜೇನಿನ ಬಣ್ಣದ್ದು, ಅಂಚಿಗೆ ಬಂದಂತೆ ಕಪ್ಪಿಗೆ ತಿರುಗುತ್ತಿತ್ತು.

ಮುಂದೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಕೆಲಸ ಸಿಕ್ಕಿತು. ರಜೆಯ ದಿನಗಳಲ್ಲಿ ಮೋಹನ್‌ಬಾಬುವಿನ ಆರ್ಕೆಸ್ಟ್ರಾ. ಆಗ ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಗೌರಿಬಿದನೂರಿನ ಕಡೆ ಅವನ ಆರ್ಕೆಸ್ಟ್ರಾ ಇಲ್ಲದೆ ದೊಡ್ಡವರ ಮನೆಯ ಮದುವೆ ಆಗುತ್ತಿರಲಿಲ್ಲ. "ಗಂಡಸರ ವಾದ್ಯ ನುಡಿಸೋ ನಮ್ಮೂರ ಗಂಡುಗಲಿ ಹೆಣ್ಣು!" ಎಂದು ಅವನು ಪರಿಚಯಿಸುತ್ತಿದ್ದ. ಪರಿಚಯ ಮುಗಿಸಿ ಹಾಡು ಶುರುವಾದೊಡನೆ ಸೌಂಡಿನವನಿಗೆ ಬೆರಳು ಕೆಳಕ್ಕೆ ಮಾಡಿ ಸನ್ನೆ ಮಾಡುತ್ತಿದ್ದ. ಆಕೆಯ ಸ್ಪೀಕರ್ ಸಣ್ಣಗಾಗುತ್ತಿತ್ತು. ಜನ ತನ್ನ ಗಂಟಲು ಕೇಳಲು ಬಂದಿದ್ದಾರೆ ಎಂಬುದು ಅವನ ನಂಬಿಕೆ. ತಾಳ ತಪ್ಪಿದರೂ ಹಾಡು ನಿಲ್ಲದೆ ಹೋಗುತ್ತಿದ್ದುದು ಯಾರಿಂದ ಎಂದು ಅವನು ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ಆಕೆಯ ತಾಯಿ ತೀರಿಕೊಂಡಾಗ ಗಿಟಾರನ್ನು ಆರ್ಕೆಸ್ಟ್ರಾದ ಕೋಣೆಯಲ್ಲಿ ಬಿಟ್ಟು ಊರಿಗೆ ಹೋಗಿದ್ದಳು. ತಿಥಿ ಮುಗಿಸಿ ಬಂದರೆ ಗಿಟಾರ್ ಬೆಳ್ಳಿ ಬಣ್ಣಕ್ಕೆ ತಿರುಗಿತ್ತು. ಮೋಹನ್‌ಬಾಬು, ಕಾರಿಗೆ ಬಣ್ಣ ಹೊಡೆಯುವವನಿಂದ ಮೈಯನ್ನೆಲ್ಲ ಉಜ್ಜಿಸಿ, ಬೆಳ್ಳಿ ಬಳಿಸಿ, ಮೇಲೆ ಕೆಂಪಕ್ಷರದಲ್ಲಿ ಆರ್ಕೆಸ್ಟ್ರಾದ ಹೆಸರು ಬರೆಸಿದ್ದ. "ಲೈಟು ಬಿದ್ರೆ ಹೆಂಗೆ ಹೊಳೆಯುತ್ತೆ ನೋಡು!" ಎಂದಿದ್ದ. ತಾಯಿಯ ವಿಷಯ ಕೇಳಲಿಲ್ಲ.

ಸಂಜೆ ಆಕೆಯ ಅಣ್ಣನ ಮಗಳು ಲಾವಣ್ಯ ಸ್ಕೂಲಿನಿಂದ ಬಂದಳು. ಅವಳು ಹೈಸ್ಕೂಲು ಟೀಚರು, ಅತ್ತೆಯ ಜೊತೆಗೇ ಇದ್ದಳು. ವಿಷಯ ಕೇಳಿ, "ಇಟ್ಕೊಳ್ಳಿ ಅತ್ತೆ. ನೆನಪಿಗೆ ಇರಲಿ," ಎಂದಳು.

"ನೆನಪಿಗೆ ಅಷ್ಟು ಭಾರದ ವಸ್ತು ಯಾಕೆ? ಗುಡಿಸೋವಾಗೆಲ್ಲ ಎಳೆದು ಎಳೆದು ಸೊಂಟ ಹೋಗುತ್ತೆ."

"ಹಂಗಾದ್ರೆ ನುಡಿಸಿ."

ಲಾವಣ್ಯ ಅಡುಗೆಮನೆಗೆ ಹೋದ ಮೇಲೆ ಆಕೆ ಗಿಟಾರನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಎಡಗೈಯ ಬೆರಳ ಗಂಟುಗಳು ವರ್ಷಗಳಿಂದ ಊದಿದ್ದವು. ಉಂಗುರದ ಬೆರಳಿನಿಂದ ತಂತಿ ಒತ್ತಿದರೆ ಸ್ವರ ಬರಲಿಲ್ಲ, ಬಿಗಿಯಾದ ಬಾಗಿಲು ಎಳೆದಂಥ ಕರಕರ ಸದ್ದು ಬಂತು. ಇನ್ನೊಮ್ಮೆ ಒತ್ತಿದಳು. ನೋವು ಮೊಣಕೈವರೆಗೆ ಹೋಯಿತು. ನುಡಿಸಲು ಬಾರದ ಗಿಟಾರನ್ನು ಮಗುವಿನಂತೆ ತೊಡೆಯ ಮೇಲೆ ಹಾಕಿಕೊಂಡು ಕೂತ ಮುದುಕಿ ತನಗೆ ತಾನೇ ಕಂಡಳು. ಮೋಹನ್‌ಬಾಬುವಿನ ಮೇಲಿದ್ದಷ್ಟೇ ತಾತ್ಸಾರ ಆ ಮುದುಕಿಯ ಮೇಲೂ ಬಂತು. ಇಟ್ಟುಕೊಳ್ಳುವ ಮಾತು ಅಲ್ಲಿಗೆ ಮುಗಿಯಿತು.

"ಲಾವಣ್ಯ, ಆ ಮೊಬೈಲಲ್ಲಿ ಮಾರೋಕೆ ಹಾಕಮ್ಮ. ಯಾರಿಗೆ ಬೇಕೋ ನೋಡಣ."

ಹಾಕಿದ ಮೇಲೆ ಬಂದ ಫೋನುಗಳಲ್ಲಿ ಆಕೆಗೆ ಮನುಷ್ಯಜಾತಿಯ ಬಗ್ಗೆ ಇದ್ದ ಅಭಿಪ್ರಾಯ ಬದಲಾಗುವಂಥದ್ದೇನೂ ಇರಲಿಲ್ಲ. ಒಬ್ಬ ಇದು ವೀಣೆಯೇ ಎಂದು ಕೇಳಿದ. ಒಬ್ಬ ಹಳೆಯ ಬೈಕಿಗೆ ಬದಲು ಕೊಡುತ್ತೀರಾ ಎಂದ. ಬೆಂಗಳೂರಿನಿಂದ ರಮೇಶ್‌ಬಾಬು ಎಂಬವನು ಮಾತ್ರ ಖುದ್ದಾಗಿ ಬಂದ. ಹಳೆಯ ವಾದ್ಯಗಳನ್ನು ಕೊಂಡು ಮಾರುವುದು ಅವನ ದಂಧೆ. ಬಂದವನೇ ಕೈಗೆ ತೆಳ್ಳನೆಯ ಬಿಳಿ ಗ್ಲೌಸ್ ಹಾಕಿಕೊಂಡ. ತಿರುಪುಗಳನ್ನು ಬಿಚ್ಚಿ, ಒಳಗಿನ ಪೊಳ್ಳಿಗೆ ಮೂಗಿಟ್ಟು ಆಘ್ರಾಣಿಸಿದ. ಟಾರ್ಚು ಬಿಟ್ಟು ಫೋಟೋ ತೆಗೆದ. ಬೆಳ್ಳಿ ಬಣ್ಣವನ್ನು ಉಗುರಿನಿಂದ ಕೆರೆದು, ಸತ್ತವರ ಮನೆಗೆ ಬಂದವನಂತೆ ತಲೆಯಾಡಿಸಿದ.

"ಯಾರು ಮೇಡಂ ಈ ಪಾಪ ಮಾಡಿದ್ದು?"

"ಒಬ್ಬ ಗಾಯಕ."

"ಬಣ್ಣ ಹೋದ ಮೇಲೆ ಇಡೀ ಗಿಟಾರಿಗೆ ಬೆಲೆ ಇಲ್ಲ. ಆದ್ರೆ ಬಿಡಿಬಿಡಿಯಾಗಿ ಇದೆ. ಈ ಉದ್ದ ಕತ್ತು ಇದೆಯಲ್ಲ, ನೆಕ್ಕು, ಅದು ಒರಿಜಿನಲ್, ಪಿಕಪ್ ಒರಿಜಿನಲ್. ಕೀಗಳು, ಈ ತಿರುಪುಗಳು ಕೂಡ. ನೆಕ್ ಜರ್ಮನಿಗೆ ಹೋಗುತ್ತೆ. ಪಿಕಪ್‌ಗೆ ಜಪಾನಲ್ಲಿ ಒಬ್ರು ಕಾಯ್ತಿದಾರೆ. ಬಾಡಿ ಒಂದು ನೀವೇ ಇಟ್ಕೊಳ್ಳಿ."

ತಂತಿಯ ಅದುರನ್ನು ಹಿಡಿದು ಸ್ಪೀಕರಿಗೆ ಕಳಿಸುವ ಆ ಎರಡು ಪುಟ್ಟ ಪಿಕಪ್ಪುಗಳನ್ನು ಅವನು ಅಂಗೈಯಲ್ಲಿ ತೂಗುತ್ತಿದ್ದ ರೀತಿ ಆಕೆಗೆ ಹಿಡಿಸಲಿಲ್ಲ. ಕುರಿ ಮಾಂಸದ ಅಂಗಡಿಯಲ್ಲಿ ಲಿವರ್ ಕೇಳಿದರೆ ಹೀಗೆಯೇ ಎತ್ತಿ ತೋರಿಸುತ್ತಾರೆ. ಅಂಗಡಿಯವನು ಕೊನೇಪಕ್ಷ ಗ್ಲೌಸ್ ಹಾಕಿಕೊಳ್ಳುವುದಿಲ್ಲ.

"ನೀವು ನುಡಿಸ್ತೀರಾ?" ಎಂದು ಕೇಳಿದಳು.

"ಇಲ್ಲ ಮೇಡಂ. ನನಗೆ ಹಿಸ್ಟರಿಯಲ್ಲಿ ಇಂಟರೆಸ್ಟು."

"ಇದರ ಸೌಂಡು ಕೇಳಬೇಕಾ?"

ಅವನು ನಕ್ಕ. "ಅದು ಹೆಂಗಿದ್ರೂ ರೇಟು ಅದೇ ಮೇಡಂ."

ಎಲ್ಲವನ್ನೂ ಮತ್ತೆ ಕೂರಿಸಿ ಅವನು ಹೇಳಿದ ಬೆಲೆ ದೊಡ್ಡದೇ. ಆದರೂ ಆಕೆ ಅವನಿಗೂ ಯೋಚಿಸಿ ಹೇಳುತ್ತೇನೆಂದಳು. ಅವನು ಹೋದ ಮೇಲೆ ಲಾವಣ್ಯ ತಡೆಯಲಾರದೆ ಕೇಳಿಬಿಟ್ಟಳು. "ಗೋಡೆಗೆ ಹಾಕೋನು ಬೇಡ. ಬಿಡಿಸಿ ಮಾರೋನು ಬೇಡ. ಇಟ್ಕೊಳ್ಳೋದೂ ಬೇಡ. ಅತ್ತೆ, ನಿಮ್ಮ ಕಣ್ಣಿಗೆ ಸರಿಯಾದೋರು ಅಂತ ಈ ಭೂಮಿ ಮೇಲೆ ಯಾರಿದಾರೆ?"

"ಇದ್ರೆ ಬರ್ತಾರೆ ಬಿಡು," ಎಂದು ಆಕೆ ಮುಖ ತಿರುಗಿಸಿದಳು.

ಬಂದದ್ದು ಮೌನಿಕಾ. ಗೌರಿಬಿದನೂರಿನ ಹತ್ತಿರ ಮಂಚೇನಹಳ್ಳಿಯವಳು, ರೈತರ ಮನೆಯ ಹುಡುಗಿ. ಮದುವೆ ರಿಸೆಪ್ಷನ್ನುಗಳಲ್ಲಿ ನುಡಿಸುವ ಬ್ಯಾಂಡೊಂದರಲ್ಲಿ ಬೇಸ್ ನುಡಿಸುತ್ತಿದ್ದಳು. ಸ್ಕೂಟರಿನಲ್ಲಿ, ಬೆನ್ನಿಗೆ ತನ್ನ ಗಿಟಾರ್ ಕಟ್ಟಿಕೊಂಡು, ಕಾಲ ಬಳಿ ಸಣ್ಣ ಸ್ಪೀಕರ್ ಇಟ್ಟುಕೊಂಡು ಧೂಳು ಕುಡಿದು ಬಂದಿದ್ದಳು. ನೀರು ಕೇಳಿ ಕುಡಿದು, ಇನ್ನೊಂದು ಲೋಟ ಕೇಳಿದಳು. ಬೆಳ್ಳಿ ಬಣ್ಣ ನೋಡಿದ್ದೇ, "ಅಬ್ಬಾ, ಎಷ್ಟು ಅಸಹ್ಯವಾಗಿದೆ ಆಂಟಿ!" ಎಂದಳು.

ಲಕ್ಷ್ಮಿದೇವಮ್ಮನಿಗೆ ಮೊದಲ ಸಲ ನಗು ಬಂತು.

"ನನ್ನ ಗಿಟಾರ್ ನೆಕ್ಕು ಬಾಗೋಗಿದೆ. ಬಾಡಿ ಚೆನ್ನಾಗಿದೆ, ಹಗುರ. ನಿಮ್ದು ನೆಕ್ಕೂ ಪಿಕಪ್ಪೂ ಸಾಕು ನಂಗೆ. ಹಳೇದು ಅಂತ ಪೂಜೆ ಮಾಡೋಕಲ್ಲ. ಮೊದ್ಲು ಸೌಂಡ್ ಕೇಳ್ಬೇಕು. ಕೊಡ್ತೀರಾ?"

ಸ್ಪೀಕರಿಗೆ ವೈರು ಚುಚ್ಚಿ ಅವಳು ಸೌಂಡನ್ನು ಪೂರ್ತಿ ಏರಿಸಿದಳು. ಒಂದು ತಂತಿ ಮೀಟಿದ್ದಕ್ಕೆ ಅಡುಗೆಮನೆಯ ಸ್ಟೀಲ್ ಡಬ್ಬಿಗಳು ಗಲಗಲ ಎಂದವು. ಎದುರುಮನೆಯ ಮುನಿಶಾಮಿ ಹೊರಬಂದು ನೋಡಿದ. ಹುಡುಗಿ ಕಣ್ಣು ಮುಚ್ಚಿ ಇನ್ನೂ ಜೋರಾಗಿ ನುಡಿಸಿದಳು. ಲಕ್ಷ್ಮಿದೇವಮ್ಮ ಎರಡು ನಿಮಿಷ ಸಹಿಸಿದಳು.

"ನಿಲ್ಸು, ನಿಲ್ಸು. ಇದೇನಮ್ಮ ಇದು, ರಾಗಿ ಕಲ್ಲು ಬೀಸಿದಂಗೆ? ಬಲಗೈಲಿ ಒಂದೇ ಬೆರಳು ದುಡೀತಾ ಇದೆ. ಇನ್ನೊಂದು ಏನು, ಮಾವನ ಮನೆಗೆ ಬಂದಿದ್ಯಾ?"

"ಪರ್ವಾಲೇದು ಆಂಟಿ, ಸ್ಟೇಜಲ್ಲಿ ಗೊತ್ತಾಗಲ್ಲ."

"ಗೊತ್ತಾಗಲ್ಲ ಅನ್ನೋರ ಜೊತೆ ನಾನು ಆಯಸ್ಸು ಕಳೆದಿದೀನಿ. ನೀನೂ ಅದನ್ನೇ ಹೇಳ್ಬೇಡ. ಎರಡೂ ಬೆರಳಲ್ಲಿ ಹೊಡಿ."

ಹುಡುಗಿಯ ಮುಖ ಸಿಟ್ಟಿನಿಂದ ಕೆಂಪಾಯಿತು. ಆದರೂ ಎರಡೂ ಬೆರಳಿನಲ್ಲಿ ಹೊಡೆದಳು. ತಪ್ಪಿತು. ಮತ್ತೆ ಹೊಡೆದಳು. ಮಧ್ಯಾಹ್ನದವರೆಗೆ ಅವರಿಬ್ಬರೂ ಜಗಳವಾಡಿದರು. ಲಾವಣ್ಯ ಅನ್ನ ಸಾರು ಬಡಿಸಿದಾಗಲೂ ಜಗಳ ನಿಂತಿರಲಿಲ್ಲ. ಉಂಡು ಕೈ ತೊಳೆದ ಮೇಲೆ ಮೌನಿಕಾ ತಾನು ಎಷ್ಟು ಕೊಡಬಲ್ಲೆ ಎಂದು ಸಂಕೋಚವಿಲ್ಲದೆ ಹೇಳಿದಳು. ಅದು ರಮೇಶ್‌ಬಾಬು ಹೇಳಿದ್ದರ ಹತ್ತಿರಕ್ಕೂ ಬರುತ್ತಿರಲಿಲ್ಲ.

"ಬೆಂಗಳೂರೋನು ಇದಕ್ಕಿಂತ ಜಾಸ್ತಿ ಹೇಳಿದಾನೆ," ಎಂದಳು ಲಕ್ಷ್ಮಿದೇವಮ್ಮ.

"ಕೊಡ್ತಾನೆ ಬಿಡಿ. ನನ್ ಹತ್ರ ಇಷ್ಟೇ ಇರೋದು."

"ಸ್ಪ್ಯಾನರ್, ಸ್ಕ್ರೂಡ್ರೈವರ್ ತಂದಿದ್ಯಾ?"

ಅಲ್ಲೇ ಜಗುಲಿಯ ಮೇಲೆ ಚಾಪೆ ಹಾಸಿ ಇಬ್ಬರೂ ಎರಡೂ ಗಿಟಾರುಗಳನ್ನು ಬಿಚ್ಚಿದರು. ನೆಕ್ಕು ಮೈಯಿಂದ ಬೇರಾಗುವಾಗ ತನಗೆ ಅಳು ಬರಬಹುದೆಂದು ಲಕ್ಷ್ಮಿದೇವಮ್ಮ ಅಂಜಿದ್ದಳು. ಬರಲಿಲ್ಲ. ಬಿಗಿದುಕೊಂಡಿದ್ದ ತಿರುಪು ಕಟಕ್ ಎಂದು ಬಿಟ್ಟುಕೊಟ್ಟಾಗ ಹಲ್ಲುನೋವಿನ ಹಲ್ಲು ಕಿತ್ತಷ್ಟು ನಿರಾಳವಾಯಿತು. ಮೌನಿಕಾ ತನ್ನ ಬಾಗಿದ ನೆಕ್ಕನ್ನು ಅಲ್ಲೇ ಬಿಟ್ಟು, ಒಳ್ಳೆಯದನ್ನೂ ಪಿಕಪ್ಪುಗಳನ್ನೂ ಟವೆಲ್ಲಿನಲ್ಲಿ ಸುತ್ತಿ ಬೆನ್ನಿಗೇರಿಸಿಕೊಂಡು ಹೋದಳು.

ಆ ಬಾಗಿದ ನೆಕ್ಕನ್ನೇ ಲಕ್ಷ್ಮಿದೇವಮ್ಮ ಬೆಳ್ಳಿ ಬಣ್ಣದ ಮೈಗೆ ತಿರುಪು ಹಾಕಿ ಕೂರಿಸಿದಳು. ಪಿಕಪ್ ಇದ್ದ ಗುಳಿಗಳು ಹಲ್ಲು ಉದುರಿದ ಬಾಯಿಯಂತೆ ಕಾಣುತ್ತಿದ್ದವು. ಮೋಹನ್‌ಬಾಬುಗೆ ಫೋನ್ ಮಾಡಿದಳು. ಅವನು ಅರ್ಧ ದಿನದಲ್ಲಿ ಬಂದ.

"ನೋಡಿ ಬಾಬು ಸಾರ್, ನಾನು ಮುಚ್ಚುಮರೆ ಇಲ್ದೆ ಹೇಳ್ತೀನಿ. ನೆಕ್ಕು ಬೇರೇದು, ಬಾಗಿದೆ. ಪಿಕಪ್ಪು ಇಲ್ಲ. ಇದು ನುಡಿಯಲ್ಲ. ಬಣ್ಣ ಬಳಿದ ಹಲಗೆ ಅಷ್ಟೇ."

ಅವನು ಕಣ್ಣು ಕಿರಿದು ಮಾಡಿ ದೂರದಿಂದ ನೋಡಿದ. ಕೆಂಪಕ್ಷರದ ಹೆಸರು ಅರ್ಧ ಮಾಸಿದ್ದರೂ ಓದುವಂತಿತ್ತು. "ಹೆಸರು ಕಾಣುತ್ತಲ್ಲ, ಸಾಕು. ಗೋಡೆಗೆ ತಾನೆ? ಆ ತೂತಿಗೆ ಕಪ್ಪು ಟೇಪ್ ಅಂಟಿಸಿಬಿಡ್ತೀನಿ. ಎಷ್ಟು ಕೊಡಲಿ?"

"ಏನೂ ಬೇಡ. ತಗೊಂಡ್ಹೋಗಿ."

"ದೊಡ್ಡ ಮನಸ್ಸು ಕಣಮ್ಮ ನಿಂದು," ಎಂದು ಅವನು ಗದ್ಗದಿತನಾದ. ಅವನ ಕೈಯಿಂದ ಹಣ ಮುಟ್ಟಲು ಆಕೆಗೆ ಹೇಸಿಗೆಯಾಗಿದ್ದುದು ಅವನಿಗೆ ತಿಳಿಯಲಿಲ್ಲ.

ಉದ್ಘಾಟನೆಗೆ ಆಕೆಯನ್ನು ಕಾರು ಕಳಿಸಿ ಕರೆಸಿದ. ಹೋಗುವುದಿಲ್ಲ ಎಂದಿದ್ದವಳು, ಅವನು ಏನು ಮಾಡುತ್ತಾನೋ ನೋಡಬೇಕೆಂಬ ಒಂದೇ ಆಸೆಗೆ ಲಾವಣ್ಯಳನ್ನು ಕರೆದುಕೊಂಡು ಹೋದಳು. ಬೆಟ್ಟದ ನೆತ್ತಿಯ ಮೋಡ ಇನ್ನೂ ಕರಗಿರಲಿಲ್ಲ. ಟ್ರೆಕ್ಕಿಂಗ್ ಮುಗಿಸಿ ಬಂದ ಹುಡುಗ ಹುಡುಗಿಯರು ಕೆಸರು ಬೂಟಿನಲ್ಲೇ ದೋಸೆಗೆ ಸಾಲು ನಿಂತಿದ್ದರು. ಗೋಡೆಯ ತುಂಬ ಮೋಹನ್‌ಬಾಬು. ಮೈಕ್ ಹಿಡಿದ ಮೋಹನ್‌ಬಾಬು, ಹಾರ ಹಾಕಿಸಿಕೊಂಡ ಮೋಹನ್‌ಬಾಬು, ಮೀಸೆ ತಿರುವಿದ ಮೋಹನ್‌ಬಾಬು. ಆಕೆ ಇದ್ದ ಫೋಟೋ ಒಂದೇ, ಅದರಲ್ಲೂ ಅವನ ಮೊಣಕೈ ಆಕೆಯ ಅರ್ಧ ಮುಖ ಮುಚ್ಚಿತ್ತು. ನಡುವೆ ಗಾಜಿನ ಪೆಟ್ಟಿಗೆಯಲ್ಲಿ ಬೆಳ್ಳಿ ಬಣ್ಣದ ಗಿಟಾರ್, ಕೆಳಗೆ ಹಿತ್ತಾಳೆಯ ಫಲಕದಲ್ಲಿ ಅವನ ಹೆಸರು.

ಭಾಷಣ ಮಾಡಿ, ಹಳೆಯ ಅದೇ ಮಾತಿನಲ್ಲಿ ಆಕೆಯನ್ನು ಪರಿಚಯಿಸಿದ. "ಗಂಡಸರ ವಾದ್ಯ ನುಡಿಸಿದ ನಮ್ಮೂರ ಗಂಡುಗಲಿ ಹೆಣ್ಣು! ಎರಡು ಮಾತು ಆಡ್ಬೇಕು."

ಲಕ್ಷ್ಮಿದೇವಮ್ಮ ಮೈಕ್ ತೆಗೆದುಕೊಂಡಳು. "ಈ ಗಾಜಿನೊಳಗೆ ಇರೋದು ಗಿಟಾರಲ್ಲ," ಎಂದಳು. "ಅದರಲ್ಲಿ ಸದ್ದು ಹೊರಡಿಸೋ ಭಾಗ ಒಂದೂ ಇಲ್ಲ. ತೆಗೆದುಬಿಟ್ಟಿದೀನಿ. ಟೇಪ್ ಕಿತ್ತು ನೋಡಿ, ಒಳಗೆ ಬರೀ ತೂತು. ಈ ಬಣ್ಣ ನಮ್ಮಮ್ಮ ಸತ್ತಾಗ ನನ್ನ ಕೇಳ್ದೆ ಬಳಿಸಿದ್ದು. ನಾನು ನುಡಿಸೋವಾಗ ಸೌಂಡ್ ಇಳಿಸ್ತಾ ಇದ್ದಿದ್ದೂ ಇವರೇ."

ಮುಂದಿನ ಸಾಲಿನಲ್ಲಿದ್ದ ಖಾದಿ ಅಂಗಿಯ ವೆಂಕಟರವಣಪ್ಪ, ತಾಲ್ಲೂಕಿನ ಯಾವುದೋ ಸಂಘದ ಅಧ್ಯಕ್ಷ, ಚಪ್ಪಾಳೆ ಶುರುಮಾಡಿದ. ಎಲ್ಲರೂ ತಟ್ಟಿದರು. "ಒಳಗೆ ಏನೂ ಇಲ್ಲ ಅಂದ್ರಲ್ಲ, ಎಂಥಾ ಮಾತು! ದೇಹನೇ ಹಂಗಲ್ವಾ!" ಎಂದು ವೆಂಕಟರವಣಪ್ಪ ಪಕ್ಕದವನಿಗೆ ವಿವರಿಸಿದ. ವಿಡಿಯೋ ಮಾಡುತ್ತಿದ್ದ ಹುಡುಗಿಯೊಬ್ಬಳು, "ಸೋ ಡೀಪ್!" ಎಂದು ಉಸುರಿದಳು. ಮೋಹನ್‌ಬಾಬು ಸ್ಕಾರ್ಫಿನ ತುದಿಯಿಂದ ಕಣ್ಣೊರೆಸಿಕೊಂಡು, "ತಮಾಷೆ ಬಿಟ್ಟಿಲ್ಲ ನೋಡಿ ಇನ್ನೂ!" ಎಂದ.

ಬೈದರೂ ಮೈಗೆ ತಾಗದ ಜನ. ಆಕೆ ಮೈಕನ್ನು ಮೇಜಿನ ಮೇಲಿಟ್ಟು, ದೋಸೆಯನ್ನೂ ಮುಟ್ಟದೆ ಹೊರಬಂದಳು. ರಸ್ತೆಗೆ ಬಂದ ಮೇಲೆ ಲಾವಣ್ಯ, "ಈಗ್ತಾನೆ ಆಯ್ತು ಅಂತ ಹೇಳಿ ಬರಬೇಕಿತ್ತು ಅತ್ತೆ," ಎಂದಳು. ಇಬ್ಬರೂ ಬಸ್ ಬರುವವರೆಗೆ ನಗುತ್ತ ನಿಂತರು.

ಚಳಿಗಾಲ ಕಳೆದು ಮದುವೆಯ ದಿನಗಳು ಬಂದವು. ಲಾವಣ್ಯಳ ಜೊತೆ ಕೆಲಸ ಮಾಡುವ ಯಾಮಿನಿಯ ರಿಸೆಪ್ಷನ್ ಶಿಡ್ಲಘಟ್ಟದಲ್ಲಿತ್ತು. ಛತ್ರದೊಳಗೆ ಹೋದರೆ ಸ್ಟೇಜಿನ ಮೇಲೆ ಮೌನಿಕಾಳ ಬ್ಯಾಂಡು ವೈರು ಎಳೆಯುತ್ತಿತ್ತು. ಮುದುಕಿಯನ್ನು ಕಂಡು ಅವಳು ಕೆಳಗೆ ಹಾರಿ ಓಡಿಬಂದಳು. ಲಕ್ಷ್ಮಿದೇವಮ್ಮನ ಕಣ್ಣು ಅವಳ ಹೆಗಲ ಮೇಲಿದ್ದ ಗಿಟಾರಿನ ಮೇಲೆ ನಿಂತಿತು. ನೆಕ್ಕು ಅದೇ. ಪಿಕಪ್ಪು ಅದಲ್ಲ.

"ನಂದೆಲ್ಲೇ?"

ಮೌನಿಕಾ ತಲೆ ತಗ್ಗಿಸಲಿಲ್ಲ. "ಈ ಎಲ್‌ಇಡಿ ಲೈಟ್ ಹಾಕಿದ್ರೆ ಗುಂಯ್ ಅಂತಿತ್ತು ಆಂಟಿ. ಹಾಡಿಗಿಂತ ಅದೇ ಜೋರು. ಬೆಂಗಳೂರಲ್ಲಿ ಒಬ್ರಿಗೆ ಮಾರ್ದೆ. ರಮೇಶ್‌ಬಾಬು ಅಂತ. ಆ ದುಡ್ಡಲ್ಲಿ ಹೊಸ ಪಿಕಪ್ಪು, ಈ ದೊಡ್ಡ ಸ್ಪೀಕರ್ ತಗೊಂಡೆ. ನೀವು ಕಮ್ಮಿಗೆ ಕೊಟ್ಟಿದ್ರಿ, ಗೊತ್ತು ನಂಗೆ. ಉಳಿದಿದ್ದು ನಿಮಗೇ ಕೊಡಣ ಅಂತಿದ್ದೆ."

ಬಿಳಿ ಗ್ಲೌಸಿನ ಕೈ ಕಣ್ಣ ಮುಂದೆ ಬಂತು. ಬಾಯಿಗೆ ಬಂದ ಮಾತು ಹರಿತವಾದದ್ದೇ. ಹುಡುಗಿ ಮಾತ್ರ ಕಳ್ಳಿಯಂತೆ ನಿಂತಿರಲಿಲ್ಲ. ಹೊಲದಲ್ಲಿ ಕೆಲಸಕ್ಕೆ ಬಾರದ ಕುಡುಗೋಲು ಕೊಟ್ಟು ಬೇರೆ ತಂದವಳಂತೆ ನಿಂತಿದ್ದಳು. ಲಕ್ಷ್ಮಿದೇವಮ್ಮ ಆ ಮಾತನ್ನು ನುಂಗಿದಳು.

"ದುಡ್ಡು ಬೇಡ. ಕೊಟ್ಟ ಮೇಲೆ ಅದು ನಿಂದು. ನುಡಿಸು, ಕೇಳ್ತೀನಿ."

ಹಾಡು ಶುರುವಾಯಿತು. ಹೊಸ ಸ್ಪೀಕರಿನಿಂದ ಬಂದ ಬೇಸ್ ನೆಲದ ಮೂಲಕ ಹಿಮ್ಮಡಿಗೆ, ಹಿಮ್ಮಡಿಯಿಂದ ಪಕ್ಕೆಲುಬಿಗೆ ಏರಿತು. ಗುಂಯ್ ಎನ್ನುವ ಸದ್ದಿಲ್ಲ, ಪ್ರತಿ ಸ್ವರವೂ ಬಿಡಿಯಾಗಿ, ದುಂಡಗೆ. ಮದುಮಗನ ಕಡೆಯ ಹೆಂಗಸರು ಕೂತಲ್ಲೇ ಕಾಲು ಕುಣಿಸತೊಡಗಿದರು. ಆ ಹಳೆಯ ಪಿಕಪ್ಪುಗಳಿಗಿಂತ ಇದು ಚೆನ್ನಾಗಿದೆ ಎಂದು ಒಪ್ಪಿಕೊಳ್ಳಲು ಆಕೆಗೆ ಮೂರು ಹಾಡು ಬೇಕಾದವು. ಒಪ್ಪಿಕೊಂಡಳು. ನಡುವೆ ಮೌನಿಕಾ ಸ್ಟೇಜಿನಿಂದ ಹುಬ್ಬೇರಿಸಿ ಹೇಗಿದೆ ಎಂದು ಕೇಳಿದಳು. ಲಕ್ಷ್ಮಿದೇವಮ್ಮ ಬಲಗೈಯ ಎರಡು ಬೆರಳುಗಳನ್ನು ಎತ್ತಿ, ಒಂದನ್ನು ಮಡಿಸಿ, ಸೋಮಾರಿ ಎಂದು ಸನ್ನೆಯಲ್ಲೇ ಬೈದಳು.

ಹುಡುಗಿ ನಾಲಿಗೆ ಕಚ್ಚಿ ಆ ಬೆರಳನ್ನೂ ತಂತಿಗೆ ಹಾಕಿದಳು. ಹಿಂದಿನಿಂದ ಲಾವಣ್ಯ ಎರಡನೇ ಪಂಕ್ತಿ ಕೂರುತ್ತಿದೆ, ಊಟಕ್ಕೆ ಬನ್ನಿ ಎಂದು ಸೆರಗು ಜಗ್ಗಿದಳು.

"ತಡಿಯೇ," ಎಂದಳು ಲಕ್ಷ್ಮಿದೇವಮ್ಮ, "ಈ ಹಾಡು ಮುಗೀಲಿ."